ಕಿವಿರು

ರಾತ್ರಿ ಹತ್ತರವರೆಗೆ ಪಾಸು.
ಬಂದರಿನ ಗೇಟಿನಾಚೆ ವ್ಯಾನು ಇಳಿಸಿದ್ದು ಸ್ಯಾನ್ ಪೆಡ್ರೊದಲ್ಲಿ.
ಏಳು ತಿಂಗಳ ಮೇಲೆ ಅಲುಗದ ನೆಲ,
ಕಾಲು ಇನ್ನೂ ನಂಬಲೊಲ್ಲದು.

ಹಡಗಿನಲ್ಲಿ ನನ್ನ ಕೆಲಸ ತಣ್ಣನೆ ಪೆಟ್ಟಿಗೆಗಳನ್ನು ಕಾಯುವುದು.
ಮುನ್ನೂರ ಹನ್ನೆರಡು ಕಂಟೇನರು,
ಒಂದೊಂದರ ಹೊಟ್ಟೆಯಲ್ಲೂ ಇಪ್ಪತ್ತು ಟನ್ನು ಮೀನು,
ಸೊನ್ನೆಗಿಂತ ಇಪ್ಪತ್ತೈದು ಕೆಳಗೆ.
ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಅಂಕಿ ಬರೆದಿಡುತ್ತೇನೆ.
ಒಂದರ ಮುಖವನ್ನೂ ನೋಡಿಲ್ಲ.
ಅಡುಗೆಮನೆಯಿಂದ ಬರುವುದು ಕೋಳಿ,
ಮತ್ತೆ ಕೋಳಿ.

"ಬಾ, ನಮ್ಮ ಕಡೆಯವಳ ಅಂಗಡಿಯಿದೆ" ಅಂದ ಸೆಕೆಂಡ್ ಇಂಜಿನಿಯರ್.
ನಾಮ್ ಅಂತ ಅವನ ಹೆಸರು.
ಆ ಹೆಸರಿಗೆ ನಾವು ಕರಾವಳಿಯ ಮೂವರು ಯಾಕೆ ನಕ್ಕೆವೆಂದು
ಅವನಿಗೆ ಇನ್ನೂ ಹೇಳಿಲ್ಲ.

ಧಕ್ಕೆಗೆ ಬೆನ್ನು ಹಾಕಿ ಸಾಲು ತೊಟ್ಟಿ, ಗುಳ್ಳೆಯೇಳುವ ನೀರು,
ಮೇಜಿಗೆ ಹಳೇ ಪೇಪರು, ಕಾಲಡಿಯೆಲ್ಲ ಒದ್ದೆ.
ಆ ವಾಸನೆ ಮೂಗಿಗೆ ಬಿದ್ದದ್ದೇ
ಯಾರೂ ಹೇಳದೆ ಪ್ಯಾಂಟು ಮಡಚಿಕೊಂಡೆ.

ಓಕ್‌ಬುನ್ ಎಂಬ ಮುದುಕಿ, ಮೊಣಕೈವರೆಗೆ ಕೆಂಪು ರಬ್ಬರಿನ ಗವಸು,
ಒಂದು ಚಪ್ಪಟೆ ಮೀನೆತ್ತಿ ಹಲಗೆಗೆ ಬಡಿದಳು.
ನನ್ನ ಹೆಬ್ಬೆರಳು ನನ್ನನ್ನು ಕೇಳದೆ
ಅದರ ಕಿವಿರು ಬಿಡಿಸಿ ನೋಡಿತು.

ದಾಸವಾಳ.

"ಕಣ್ ಸುಳ್ಳ್ ಹೇಳತ್ತ್ ಮಗಾ, ಕಿವಿರ್ ಹೇಳುದಿಲ್ಲೆ."
ಗಂಗೊಳ್ಳಿಯ ಧಕ್ಕೆಯಲ್ಲಿ ಲಚ್ಚು ದೊಡ್ಡಮ್ಮ,
ಮಂಜುಗಡ್ಡೆಯ ಮೇಲೆ ಕೂತು ಎಲೆಯಡಿಕೆ ಅಗಿಯುತ್ತ.

ಮುದುಕಿ ನನ್ನ ಬೆರಳು ನೋಡಿದಳು, ಮುಖ ನೋಡಲಿಲ್ಲ.
ಏನೋ ಅಂದಳು. ನಾಮ್ ನಕ್ಕು ಹೇಳಿದ:
"ಇವನು ಮಾರುವವರ ಮನೆಯವನಂತೆ.
ಇವನಿಗೆ ನಿನ್ನೆಯದನ್ನು ದಾಟಿಸಲು ಬರುವುದಿಲ್ಲವಂತೆ."

ಬಂತು ತಟ್ಟೆ.
ತಟ್ಟೆಯ ಹೂವು ಕೆಳಗಿಂದ ಕಾಣುವಷ್ಟು ತೆಳು ಹೋಳು.
ಕಾವಲಿ ಇಲ್ಲ, ಹುಳಿ ಇಲ್ಲ, ಅರೆದದ್ದಿಲ್ಲ.
ದೊಡ್ಡಮ್ಮ ಕಿವಿಯಲ್ಲೇ ಕೂತಿದ್ದಳು:
"ಹಸಿ ತಿಂಬುಕೆ ನಾವೆಂತ ಕೊಕ್ಕರ್ಯಾ?"
ಮೊದಲು ರುಚಿಯೇ ಇಲ್ಲ.
ಆಮೇಲೆ ಹಲ್ಲು ಒತ್ತಿದರೆ ತಿರುಗಿ ಒತ್ತುವ ಮಾಂಸ.
ಆಮೇಲೆ, ಎಲ್ಲೋ ಹಿಂದೆ, ಸಿಹಿ.

ಆಕ್ಟೋಪಸ್ಸಿನ ಕಾಲು ತುಂಡಾದ ಮೇಲೂ ಹೊರಳುತ್ತಿತ್ತು.
"ಅಗಿ, ಅಗಿ, ಹಾಗೇ ನುಂಗಬೇಡ."
ಅಂಗಳಕ್ಕೆ ಬಟ್ಟಲು ಬಟ್ಟಲಾಗಿ ಕಚ್ಚಿ ಹಿಡಿದು ಅದು ಬಿಡಲೊಲ್ಲದು.
ಕಣ್ಣಲ್ಲಿ ನೀರು. ನಾನೂ ಬಿಡಲಿಲ್ಲ.

ಇದೆಲ್ಲ ಎಲ್ಲಿಯದು, ಕೇಳಿದೆ.
ಚಪ್ಪಟೆ ಮೀನು ಮೆಕ್ಸಿಕೋದ ಸಾಕಣೆಯದು.
ಆಕ್ಟೋಪಸ್ ವಿಮಾನದಲ್ಲಿ ಬಂದದ್ದು,
ಚಿಪ್ಪು ಲಾರಿಯಲ್ಲಿ.
ಮುದುಕಿ ಪೊಹಾಂಗಿನವಳು, ನಲವತ್ತೊಂದು ವರ್ಷವಾಯಿತು,
ಹಡಗೋ ವಿಮಾನವೋ ನಾನು ಕೇಳಲಿಲ್ಲ.

"ಇದೊಂದು ಈ ಊರಿನದು" ಎಂದು ಇಟ್ಟಳು
ನೇರಳೆ ಬಣ್ಣದ ಮುಳ್ಳುಚೆಂಡು,
ಅಲೆತಡೆಯಾಚೆ ಬೆಳಿಗ್ಗೆ ಯಾರೋ ಮುಳುಗಿ ಕಿತ್ತದ್ದು.
ಮುಳ್ಳುಗಳೆಲ್ಲ ನಿಧಾನ ಆಡುತ್ತಿದ್ದವು,
ಒಂದೊಂದು ಒಂದೊಂದು ಗಂಟೆ ತೋರಿಸುತ್ತ.

ನಮ್ಮಲ್ಲಿ ಇದು ಬಲೆಗೆ ಬಿದ್ದರೆ
ಬೈದು, ಒದ್ದು, ಮತ್ತೆ ನೀರಿಗೆ.
ಅಪ್ಪನ ಹಿಮ್ಮಡಿಯಲ್ಲಿ ಮುರಿದ ಮುಳ್ಳೊಂದು
ಅವನನ್ನು ಸುಡುವವರೆಗೂ ಇತ್ತು.
ಇಲ್ಲಿ ಹದಿನೆಂಟು ಡಾಲರು.

ಕತ್ತರಿಯಿಂದ ಬಾಯಿ ತೆರೆದಳು.
ಒಳಗೆ ಐದು ನಾಲಿಗೆ, ಹಣ್ಣಾದ ಹಲಸಿನ ಬಣ್ಣ.
ಚಮಚ ನನಗೇ ಮೊದಲು ಕೊಟ್ಟಳು.
ಬೆಣ್ಣೆ.
ಬೆಣ್ಣೆಯ ಬೆನ್ನಿಗೇ ಇಡೀ ಕಡಲು.
ಅಪ್ಪ, ನೀನು ಒದ್ದದ್ದು
ಇದನ್ನ.

ದುಡ್ಡು ನಾಮ್ ಕೊಟ್ಟ,
ಹೆಸರಿಗೆ ತಕ್ಕ ಹಾಗೆ ನಡೆದುಕೊಳ್ಳಲಿಲ್ಲ.

ಹತ್ತೂಮುಕ್ಕಾಲಿಗೆ ಡೆಕ್ಕಿನ ಮೇಲೆ ಟಾರ್ಚು ಹಿಡಿದು
ಪೆಟ್ಟಿಗೆಯಿಂದ ಪೆಟ್ಟಿಗೆಗೆ.
ಇಪ್ಪತ್ತೈದು ಕೆಳಗೆ. ಇಪ್ಪತ್ತೈದು ಕೆಳಗೆ.
ಎಲ್ಲ ಸರಿಯಿತ್ತು, ಬರೆದೆ.
ಒಂದರ ಬಾಗಿಲ ಸಂದಿಗೆ ಹೆಬ್ಬೆರಳು ಹೋಯಿತು,
ಉಕ್ಕು, ಬೀಗ, ಸೀಲು.

ಬೆರಳು ಇನ್ನೂ ನಾರುತ್ತಿತ್ತು.
ತೊಳೆಯದೆ ಮಲಗಿದೆ.